ಲೋಕಕ್ಕೆ ಕೊಟ್ಟ ನುಡಿ, ಹೊಲದಲ್ಲಿ ಕಾಣುವ ನಡೆ

(ಜಮಖಂಡಿಯ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪರಿಸರದ ವಿಷಯದಲ್ಲಿ ನಮ್ಮ ದೇಶ ಜಗತ್ತಿಗೆ ಕೊಟ್ಟ ಮಾತೇನು, ನಮ್ಮ ನೀತಿಗಳು ಆ ಮಾತಿಗೆ ಎಷ್ಟು ಹೊಂದುತ್ತವೆ ಎಂಬುದು ಇಂದು ನನಗೆ ಕೊಟ್ಟಿರುವ ವಿಷಯ. ಇದು ದೆಹಲಿಯವರ ಚಿಂತೆ, ಅನುಭಾವ ಗೋಷ್ಠಿಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಡೆ-ನುಡಿ ಒಂದಾಗಿರಬೇಕು ಎಂಬುದು ಶರಣರು ನಮ್ಮ ಕೈಗೆ ಕೊಟ್ಟ ಅಳತೆಗೋಲು. ವ್ಯಕ್ತಿಗೆ ಸಲ್ಲುವ ಆ ಅಳತೆ ಸರ್ಕಾರಕ್ಕೂ ಸಲ್ಲಬೇಕು. ಅಷ್ಟೇ ಅಲ್ಲ, ದೇಶ ಕೊಟ್ಟ ಆ ನುಡಿಯ ಪರೀಕ್ಷೆ ಈಗ ಕೃಷ್ಣಾ-ಘಟಪ್ರಭಾ ದಂಡೆಯ ನಮ್ಮ ಕಬ್ಬಿನ ಹೊಲಗಳಲ್ಲೇ ನಡೆಯುತ್ತಿದೆ.

ಮೊದಲು ನುಡಿ ಯಾವುದು ನೋಡೋಣ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಮೊದಲ ಪರಿಸರ ಸಮ್ಮೇಳನ ನಡೆಯಿತು. ಪ್ರಧಾನಿ ಇಂದಿರಾ ಗಾಂಧಿ ಅಲ್ಲಿಗೆ ಹೋಗಿ ಮಾತನಾಡಿದರು. 1974ರಲ್ಲಿ ಜಲಮಾಲಿನ್ಯ ತಡೆ ಕಾಯ್ದೆ ಬಂತು. 1976ರ 42ನೆಯ ತಿದ್ದುಪಡಿಯಿಂದ ಪರಿಸರ ರಕ್ಷಣೆ ಸಂವಿಧಾನದೊಳಗೆ ಸೇರಿತು. 48-ಎ ವಿಧಿ ಸರ್ಕಾರದ ಹೊಣೆಯನ್ನು ಹೇಳಿದರೆ 51-ಎ ವಿಧಿ ಪ್ರಜೆಯ ಕರ್ತವ್ಯವನ್ನು ಹೇಳುತ್ತದೆ. 2015ರಲ್ಲಿ ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ನಮ್ಮ ದೇಶವೂ ಒಪ್ಪಿತು. ಅದೇ ವರ್ಷದ ಪ್ಯಾರಿಸ್ ಹವಾಮಾನ ಒಪ್ಪಂದವನ್ನು 2016ರ ಗಾಂಧಿ ಜಯಂತಿಯಂದು ಸ್ಥಿರೀಕರಿಸಿತು. 2021ರಲ್ಲಿ ಗ್ಲಾಸ್ಗೋದಲ್ಲಿ, 2070ರ ಹೊತ್ತಿಗೆ ಗಾಳಿಗೆ ಬಿಡುವ ಇಂಗಾಲವೂ ಹೀರಿಕೊಳ್ಳುವ ಇಂಗಾಲವೂ ಸರಿತೂಗುವಂತೆ ಮಾಡುತ್ತೇವೆ ಎಂದು ಮಾತು ಕೊಟ್ಟೆವು. 2022ರಲ್ಲಿ ಇನ್ನೆರಡು ಮಾತುಗಳನ್ನು ಲಿಖಿತವಾಗಿ ಕೊಟ್ಟೆವು. ಒಂದು, ದೇಶದ ಉತ್ಪನ್ನದ ಪ್ರತಿ ರೂಪಾಯಿಗೆ ಹೊರಬೀಳುವ ಇಂಗಾಲವನ್ನು 2030ರೊಳಗೆ 2005ಕ್ಕಿಂತ ಶೇ. 45ರಷ್ಟು ತಗ್ಗಿಸುವುದು. ಎರಡು, ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧ ಪಾಲನ್ನು ಕಲ್ಲಿದ್ದಲು, ತೈಲ, ಅನಿಲ ಬಿಟ್ಟು ಬೇರೆ ಮೂಲಗಳಿಂದ ಪಡೆಯುವುದು.

ಈ ಮಾತುಗಳಲ್ಲಿ ಕೆಲವು ನಡೆದಿವೆ, ಅದನ್ನು ಒಪ್ಪಲೇಬೇಕು. ವಿದ್ಯುತ್ ಸಾಮರ್ಥ್ಯದ ಅರ್ಧದ ಗುರಿಯನ್ನು 2025ರಲ್ಲೇ ಮುಟ್ಟಿದೆವು. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ನಮ್ಮ ಮನೆಗೆ ಬರುವ ಕರೆಂಟಿನಲ್ಲಿ ದೇಶದ ಮಟ್ಟದಲ್ಲಿ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದೇ. ಪಕ್ಕದ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಆಲಮಟ್ಟಿಯ ನೀರಿನಿಂದ ನಡೆಯುತ್ತಿದೆ.

ಇನ್ನೊಂದು ಸಾಧನೆ ನಮ್ಮ ಭಾಗಕ್ಕೆ ನೇರವಾಗಿ ಸಂಬಂಧಿಸಿದ್ದು. 2014ರ ಸುಮಾರಿಗೆ ಪೆಟ್ರೋಲಿನಲ್ಲಿ ಬೆರೆಯುತ್ತಿದ್ದ ಎಥೆನಾಲ್ ಶೇ. 1.5ರಷ್ಟು. 2018ರ ಜೈವಿಕ ಇಂಧನ ನೀತಿ 2030ಕ್ಕೆ ಶೇ. 20ರ ಗುರಿ ಇಟ್ಟಿತು. ಆ ಗುರಿಯನ್ನು ಹಿಂದಕ್ಕೆ ತಂದು 2025ರಲ್ಲೇ ಮುಟ್ಟಿದರು. ಈಗ ಮೆಕ್ಕೆಜೋಳ ಮೊದಲಾದ ಧಾನ್ಯಗಳಿಂದಲೂ ಎಥೆನಾಲ್ ಬರುತ್ತದೆ. ಆದರೂ ನಮ್ಮ ಕಡೆ ಎಥೆನಾಲ್ ಎಂದರೆ ಕಬ್ಬು. ಹೊರಗಿನ ತೈಲದ ಖರ್ಚು ಉಳಿಯಿತು, ಕಾರ್ಖಾನೆಗೆ ಇನ್ನೊಂದು ಆದಾಯವಾಯಿತು, ಹವಾಮಾನದ ಲೆಕ್ಕದಲ್ಲೂ ದೇಶಕ್ಕೆ ಅಂಕ ಬಿತ್ತು.

ಈಗ ಅದೇ ಕಬ್ಬನ್ನು ಇನ್ನೊಂದು ಪುಸ್ತಕದಲ್ಲಿ ಬರೆದು ನೋಡೋಣ. ಕೇಂದ್ರದ ನೀತಿ ಆಯೋಗವೇ 2021ರ ತನ್ನ ಎಥೆನಾಲ್ ವರದಿಯಲ್ಲಿ ಹೇಳಿರುವಂತೆ, ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಎಥೆನಾಲ್ ಬರುತ್ತದೆ, ಒಂದು ಲೀಟರ್ ಎಥೆನಾಲ್ ಹಿಂದೆ ಸುಮಾರು 2,860 ಲೀಟರ್ ನೀರಿರುತ್ತದೆ. ಗುಣಿಸಿ ನೋಡಿ, ಒಂದು ಟನ್ ಕಬ್ಬಿಗೆ ಎರಡು ಲಕ್ಷ ಲೀಟರ್ ನೀರು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮಾಡಿದರೆ ಆ ನೀರಿನ ಹೆಚ್ಚಿನ ಪಾಲು ಸಕ್ಕರೆಯ ಲೆಕ್ಕಕ್ಕೆ ಹೋಗುತ್ತದೆ ನಿಜ. ಆದರೆ ರಸದಿಂದ ನೇರವಾಗಿ ಮಾಡಿದರೆ ಪೂರ್ತಿ ನೀರು ಎಥೆನಾಲ್ ಲೆಕ್ಕಕ್ಕೇ ಬರುತ್ತದೆ. 2023ರಲ್ಲಿ ಮಳೆ ಕೈಕೊಟ್ಟಾಗ ಏನಾಯಿತು? ಸಕ್ಕರೆಯ ಕೊರತೆ ಬೀಳಬಹುದೆಂದು ಆ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವೇ ರಸದಿಂದ ಎಥೆನಾಲ್ ಮಾಡುವುದಕ್ಕೆ ತಡೆ ಹಾಕಿತು, ಆಮೇಲೆ ಸಡಿಲಿಸಿತು. ಹವಾಮಾನ ಕಾಯುವ ನೀತಿ ಒಂದು ಬರಗಾಲಕ್ಕೆ ತತ್ತರಿಸಿತು.

ನೀರಿಗಿಂತ ದೊಡ್ಡ ಚಿಂತೆ ಮಣ್ಣಿನದು. ಸವಳು-ಜವಳು ಎಂದರೆ ಏನೆಂದು ಈ ಸಭೆಗೆ ವಿವರಿಸಬೇಕಾಗಿಲ್ಲ. ನಮ್ಮದು ಎರೆಮಣ್ಣು, ನೀರು ಬೇಗ ಇಳಿಯುವುದಿಲ್ಲ. ವರ್ಷವಿಡೀ ಹರಿನೀರು ಬಿಟ್ಟು, ಕುಳೆಯ ಮೇಲೆ ಕುಳೆ ತೆಗೆದು, ಬಸಿಯಲು ದಾರಿ ಮಾಡದಿದ್ದರೆ ಒಳಗಿನ ನೀರು ಬೇರಿನ ಮಟ್ಟಕ್ಕೆ ಏರುತ್ತದೆ. ಬಿಸಿಲಿಗೆ ನೀರು ಆರಿ ಹೋಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಮೊದಲು ಇಳುವರಿ ಕುಸಿಯುತ್ತದೆ, ಆಮೇಲೆ ಬೀಜ ನಾಟುವುದಿಲ್ಲ, ಕೊನೆಗೆ ಹೊಲ ಬೆಳ್ಳಗಾಗಿ ಬೀಳುಬೀಳುತ್ತದೆ.

ಈ ಮಣ್ಣಿನ ಬಗ್ಗೆಯೂ ದೇಶ ಮಾತು ಕೊಟ್ಟಿದೆ. 2019ರ ಸೆಪ್ಟೆಂಬರಿನಲ್ಲಿ ಮರುಭೂಮೀಕರಣ ತಡೆಯ ವಿಶ್ವಸಂಸ್ಥೆಯ ಸಮ್ಮೇಳನ ದೆಹಲಿಯ ಪಕ್ಕದಲ್ಲೇ ನಡೆಯಿತು. 2030ರೊಳಗೆ 2.1 ಕೋಟಿ ಹೆಕ್ಟೇರ್ ಹಾಳಾದ ಭೂಮಿಯನ್ನು ಸರಿಪಡಿಸುತ್ತೇವೆ ಎಂದಿದ್ದ ನಾವು ಅಲ್ಲಿ ಅದನ್ನು 2.6 ಕೋಟಿಗೆ ಏರಿಸಿದೆವು. ಹಾಗಾದರೆ ನಮ್ಮ ಹೊಲ ಎರಡು ಪುಸ್ತಕಗಳಲ್ಲಿದೆ. ಇಂಗಾಲದ ಪುಸ್ತಕದಲ್ಲಿ ಅದು ಜಮಾ, ಮಣ್ಣು-ನೀರಿನ ಪುಸ್ತಕದಲ್ಲಿ ಖರ್ಚು. ಎರಡನ್ನೂ ಜೋಡಿಸಿ ಶಿಲ್ಕು ಎಷ್ಟು ಎಂದು ನೋಡುವವರು ಯಾರೂ ಇಲ್ಲ. ನೀತಿಗೂ ಮಾತಿಗೂ ಹೊಂದಾಣಿಕೆ ತಪ್ಪುತ್ತಿರುವುದು ಇಲ್ಲಿಯೇ ಎಂದು ನನ್ನ ತಿಳಿವಳಿಕೆ.

ಇದರಲ್ಲಿ ರೈತನನ್ನು ಗುರಿಮಾಡುವುದು ನ್ಯಾಯವಲ್ಲ. ಕಬ್ಬಿಗೆ ನಿಗದಿತ ಬೆಲೆಯಿದೆ, ಕೊಳ್ಳುವ ಕಾರ್ಖಾನೆಯಿದೆ. ಜೋಳಕ್ಕೆ, ಕಡಲೆಗೆ, ತೊಗರಿಗೆ ಬೆಂಬಲ ಬೆಲೆ ಘೋಷಣೆಯಾದರೂ ಅಷ್ಟು ಖಚಿತವಾಗಿ ಕೊಳ್ಳುವವರಿಲ್ಲ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಮಳೆ ನಂಬಿ ಕೈಸುಟ್ಟುಕೊಂಡ ಮನೆತನ ಕಬ್ಬಿಗೆ ಹೋಗುವುದು ಸಹಜ. ಹೀಗೆಯೇ, ಬಡದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ನೆರವು ಕೊಡುತ್ತೇವೆ ಎಂದು 2009ರಲ್ಲಿ ಹೇಳಿದ ಶ್ರೀಮಂತ ದೇಶಗಳು ತಾವೇ ಹಾಕಿಕೊಂಡ 2020ರ ಗಡುವಿಗೆ ಅದನ್ನು ಮುಟ್ಟಿಸಲಿಲ್ಲ. ಅವರ ನಡೆಯನ್ನೂ ಪ್ರಶ್ನಿಸಬೇಕು. ಆದರೆ ಅವರು ತಪ್ಪಿದರೆಂದು ನಮ್ಮ ಹೊಲದ ಉಪ್ಪು ಇಳಿಯುವುದಿಲ್ಲ.

ಹಾಗಾದರೆ ಸರ್ಕಾರವನ್ನು ನಾವು ಏನು ಕೇಳಬೇಕು? ಎಥೆನಾಲ್ ಗುರಿ ಹಾಕುವಾಗಲೇ ಆ ಪ್ರದೇಶದ ನೀರು-ಮಣ್ಣಿನ ಲೆಕ್ಕವನ್ನೂ ಜೊತೆಗಿಟ್ಟು ಪ್ರಕಟಿಸಲಿ. ಹನಿ ನೀರಾವರಿಯ ಸಹಾಯಧನದಷ್ಟೇ ಗಟ್ಟಿಯಾಗಿ ಬಸಿಗಾಲುವೆಗೂ ಹಣ ಕೊಡಲಿ. ಕಾಳುಕಡಿಗಳನ್ನು ಹೇಳಿದ ಬೆಲೆಗೆ ಕೊಳ್ಳಲಿ. ಇನ್ನೊಂದು, 1992ರ ರಿಯೊ ಘೋಷಣೆಯಲ್ಲಿ ಪರಿಸರದ ನಿರ್ಧಾರಗಳಲ್ಲಿ ಜನರ ಪಾಲು ಇರಬೇಕು ಎಂಬುದನ್ನು ನಾವೂ ಒಪ್ಪಿದ್ದೇವೆ. ಆದರೆ 2021ರ ಅಧಿಸೂಚನೆಗಳಿಂದ ಇಂಧನ ಎಥೆನಾಲ್ ತಯಾರಿಸುವ ಕೆಲವು ಬಗೆಯ ಘಟಕಗಳಿಗೆ ಸಾರ್ವಜನಿಕ ಅಹವಾಲು ಸಭೆಯ ಅಗತ್ಯವೇ ಇಲ್ಲದಂತಾಯಿತು. ಊರಿನವರನ್ನು ಕೇಳದೆ ಊರಿನ ನೀರಿನ ನಿರ್ಧಾರ ಆಗಬಾರದು. ಅನುಭವ ಮಂಟಪದ ಹೆಸರು ಹೇಳುವ ನಾವು ಇದನ್ನು ಕೇಳದಿದ್ದರೆ ಇನ್ನಾರು ಕೇಳಬೇಕು?

ಇನ್ನು ನಮ್ಮ ಪಾಲಿನ ಕೆಲಸ. ನಮ್ಮ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಕಾಯಕ ಮತ್ತು ದಾಸೋಹ ಎರಡೂ ಕೂಡಿದ ಕೆಲಸ ಅದು. ಅಂದು ನೀರು ತರಲು ಬೇಕಾದ ಒಗ್ಗಟ್ಟು ಇಂದು ಹೆಚ್ಚಾದ ನೀರನ್ನು ಹೊರಗೆ ಹಾಕಲು ಬೇಕಾಗಿದೆ. ಬಸಿಗಾಲುವೆಯನ್ನು ಒಬ್ಬನೇ ಮಾಡಿಕೊಳ್ಳಲು ಬರುವುದಿಲ್ಲ. ನನ್ನ ಹೊಲದಿಂದ ಬಸಿದ ನೀರು ನಿಮ್ಮ ಬದುವಿನ ಮೂಲಕ ಹಳ್ಳ ಸೇರಬೇಕು. ದಾರಿ ಕೊಡುವ ಮನಸ್ಸಿಲ್ಲದಿದ್ದರೆ ಯಾವ ಯೋಜನೆಯೂ ನಿಲ್ಲುವುದಿಲ್ಲ. ಇಂಥ ಕಡೆ ಹಿರಿಯರನ್ನು ಕೂಡಿಸಿ ಒಪ್ಪಿಸುವ ಶಕ್ತಿ ನಮ್ಮ ಮಠಗಳಿಗಿದೆ. ಜಮೀನಿರುವ ಮಠಗಳು ಮೊದಲು ತಮ್ಮ ಹೊಲದಲ್ಲೇ ಮಣ್ಣು ಪರೀಕ್ಷೆ ಮಾಡಿಸಿ, ಹನಿ ನೀರಾವರಿ ಹಾಕಿ, ಕಬ್ಬಿನ ನಡುವೆ ದ್ವಿದಳ ಬೆಳೆದು, ಕಟಾವಾದ ಮೇಲೆ ರವದಿಗೆ ಬೆಂಕಿಯಿಡದೆ ಮಣ್ಣಿಗೆ ಮುಚ್ಚಿ ತೋರಿಸಲಿ ಎಂದು ಪೂಜ್ಯರಲ್ಲಿ ಬಿನ್ನವಿಸಿಕೊಳ್ಳುತ್ತೇನೆ. ಭಾಷಣಕ್ಕಿಂತ ಆ ಹೊಲ ಹೆಚ್ಚು ಮಾತಾಡುತ್ತದೆ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಿಮಗೆಲ್ಲ ಗೊತ್ತು. ಪತಿ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ತಿರುಗಿ ಸುರಿದು ಬನ್ನಿ ಎಂದು ಕಳಿಸಿದ ತಾಯಿ ಆಕೆ. ಸುಸ್ಥಿರತೆ ಎಂಬ ಮಾತು ಈಚಿನದು, ಅದರ ಅಳತೆ ಆ ಮನೆಯಲ್ಲಿತ್ತು. ಬೆಳೆಗೆ ಬೇಕಾದಷ್ಟೇ ನೀರು, ಮಣ್ಣು ತಾಳುವಷ್ಟೇ ಬೆಳೆ. 2030ಕ್ಕೆ ದೇಶ ಜಗತ್ತಿನ ಮುಂದೆ ಲೆಕ್ಕ ಒಪ್ಪಿಸಬೇಕು. ನಾವು ನಮ್ಮ ಮಕ್ಕಳ ಕೈಗೆ ಹೊಲ ಒಪ್ಪಿಸಬೇಕು. ಆ ದಿನ ಉಳುಮೆಗೆ ಬರುವ ಹೊಲವನ್ನೇ ಒಪ್ಪಿಸುವಂತಾಗಲಿ.