ಪ್ರಕಟವಾದ ಶಾಖೆ ಮತ್ತು ಅದರ ಹೊಣೆ

ಆಕರ ಸಂಕೇತದಲ್ಲಿ ಯಾರು, ಯಾವಾಗ, ಏನನ್ನು, ಯಾವ ಕಾರಣಕ್ಕಾಗಿ ಬದಲಿಸಿದರೆಂಬುದನ್ನು ದಾಖಲಿಸಿಡುವ ಆವೃತ್ತಿ ನಿಯಂತ್ರಣ ವ್ಯವಸ್ಥೆಯು ತಂತ್ರಾಂಶ ರಚನೆಯ ನಿತ್ಯದ ಉಪಕರಣವಾಗಿರುವಾಗ ಅದರ ಕುರಿತು ವಿಚಾರ ಸಂಕಿರಣವೇಕೆಂಬ ಪ್ರಶ್ನೆ ಏಳುವುದು ಸಹಜ. ಮೂಲ ಸಂಕೇತಕ್ಕೆ ಧಕ್ಕೆಯಾಗದಂತೆ ಬೇರೆಯಾಗಿ ಬೆಳೆಸುವ ಬದಲಾವಣೆಗಳ ಸರಣಿಗೆ ಬ್ರಾಂಚ್ ಅಥವಾ ಶಾಖೆ ಎನ್ನುತ್ತಾರೆ. ಇಂಥ ಶಾಖೆಯನ್ನು ಸ್ವಂತ ಅನುಕೂಲಕ್ಕೆ ತೆರೆಯುವುದು ಬೇರೆ, ಅಂತರಜಾಲದಲ್ಲಿ ಇತರರ ಮುಂದಿಡುವುದು ಬೇರೆ. ಆಜ್ಞೆಗಳ ಪಟ್ಟಿಯಲ್ಲೇ ಮುಗಿದುಹೋಗುವ ಬೋಧನೆಗೆ ಈ ಅಂತರ ಕಾಣುವುದಿಲ್ಲ.

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಇತಿಹಾಸ ಇದಕ್ಕೆ ಒಳ್ಳೆಯ ನಿದರ್ಶನ. 2002ರಿಂದ ಆ ಯೋಜನೆಯಲ್ಲಿ ಬಳಕೆಯಲ್ಲಿದ್ದ ಬಿಟ್‌ಕೀಪರ್ ಎಂಬ ಆವೃತ್ತಿ ನಿಯಂತ್ರಣ ತಂತ್ರಾಂಶದ ಉಚಿತ ಪರವಾನಗಿ 2005ರಲ್ಲಿ ರದ್ದಾದಾಗ ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಅದೇ ವರ್ಷದ ಏಪ್ರಿಲ್‌ನಲ್ಲಿ ಅದರ ಬದಲಿಗೆ ಗಿಟ್ ಎಂಬ ವ್ಯವಸ್ಥೆಯನ್ನು ಬರೆಯತೊಡಗಿದರು. ಜುಲೈನಲ್ಲಿ ಅದರ ಉಸ್ತುವಾರಿ ಜುನಿಯೊ ಹಮಾನೊ ಅವರ ಕೈಗೆ ಬಂದಿತು. ಕಾರಣಸಹಿತ ದಾಖಲಾದ ಪ್ರತಿಯೊಂದು ಹಂತಕ್ಕೆ ಗಿಟ್‌ನಲ್ಲಿ ಕಮಿಟ್ ಎಂದು ಹೆಸರು. ಶಾಖೆಯೆಂಬುದು ತನ್ನ ಕೊನೆಯ ಕಮಿಟ್‌ನ 40 ಅಕ್ಷರಗಳ ಗುರುತನ್ನು ಹೊತ್ತ ಪುಟ್ಟ ಕಡತವಷ್ಟೇ ಆಗಿರುವುದರಿಂದ ಅದನ್ನು ತೆರೆಯಲು ಕ್ಷಣವೂ ಬೇಡ. ಆದರೆ ಆ ಗುರುತನ್ನು ಕಮಿಟ್‌ನ ಒಳವಿವರಗಳ ಜೊತೆಗೆ ಅದರ ಹಿಂದಿನ ಕಮಿಟ್‌ನ ಗುರುತನ್ನೂ ಸೇರಿಸಿ ಲೆಕ್ಕಹಾಕುವುದರಿಂದ, ಹಳೆಯ ಕಮಿಟ್ ಒಂದರಲ್ಲಿ ಒಂದಕ್ಷರ ತಿದ್ದಿದರೂ ಅದರ ನಂತರದವೆಲ್ಲವೂ ಹೊಸ ಗುರುತು ಪಡೆಯುತ್ತವೆ.

ಪ್ರಕಟಣೆಯ ಹೊಣೆ ಹುಟ್ಟುವುದು ಇಲ್ಲಿಯೇ. ಕಮಿಟ್‌ಗಳನ್ನು ಬೇರೊಂದು ತಳದ ಮೇಲೆ ಹೊಸದಾಗಿ ಜೋಡಿಸುವ ರಿಬೇಸ್ ಕ್ರಿಯೆ ಖಾಸಗಿ ಶಾಖೆಯಲ್ಲಿ ಇತಿಹಾಸವನ್ನು ಓರಣಗೊಳಿಸುತ್ತದೆ. ಅದನ್ನೇ ಪ್ರಕಟಿತ ಶಾಖೆಯಲ್ಲಿ ನಡೆಸಿದರೆ ಆ ಶಾಖೆಯನ್ನು ನಂಬಿ ಕೆಲಸ ಮುಂದುವರಿಸಿದವರ ಬುಡವೇ ಕಳಚುತ್ತದೆ. ಕರ್ನೆಲ್‌ನ ವಿಭಾಗ ನಿರ್ವಾಹಕರು ತಮ್ಮ ಶಾಖೆಗಳನ್ನು ಸರ್ವರ್‌ನಲ್ಲಿ ತೆರೆದಿಟ್ಟು, ಅವನ್ನು ಸೇರಿಸಿಕೊಳ್ಳುವಂತೆ ಟೊರ್ವಾಲ್ಡ್ಸ್ ಅವರಿಗೆ ಕೋರಿಕೆ ಕಳುಹಿಸುತ್ತಾರೆ. ಸುಮಾರು ಎರಡು ವಾರ ತೆರೆದಿರುವ ವಿಲೀನದ ಅವಧಿಯಲ್ಲಿ ಹೊಸ ಸೌಲಭ್ಯಗಳು ಒಳಬರುತ್ತವೆ. 2011ರಲ್ಲಿ ಕರ್ನೆಲ್ ಯೋಜನೆಯ ತಾಣವಾದ ಕರ್ನೆಲ್ ಡಾಟ್ ಆರ್ಗ್‌ನ ಸರ್ವರ್‌ಗಳಿಗೆ ಕನ್ನ ಬಿದ್ದ ಬಳಿಕ, ಕೋರಿಕೆಯ ಜೊತೆ ಗೂಢಲಿಪಿಯ ಸಹಿಯಿರುವ ಟ್ಯಾಗ್ (ಕಮಿಟ್‌ಗೆ ಅಂಟಿಸುವ ಹೆಸರುಚೀಟಿ) ಇಡುವ ಪದ್ಧತಿ ಬೆಳೆಯಿತು. ಶಾಖೆಗಳ ನಡುವಣ ಘರ್ಷಣೆಯನ್ನು ಮೊದಲೇ ಪತ್ತೆಮಾಡಲು 2008ರಿಂದ ಲಿನಕ್ಸ್-ನೆಕ್ಸ್ಟ್ ಎಂಬ ಸಂಯೋಜಿತ ಭಂಡಾರವೂ ಇದೆ. ಅದನ್ನು ಪದೇಪದೇ ಬುಡದಿಂದಲೇ ಕಟ್ಟಲಾಗುವುದರಿಂದ ಅದರ ಮೇಲೆ ಯಾರೂ ಶಾಶ್ವತ ಕೆಲಸ ಹೂಡುವಂತಿಲ್ಲ. ಈ ಸಂಗತಿ ಮೊದಲೇ ಎಲ್ಲರಿಗೂ ತಿಳಿದಿರುವುದರಿಂದ ಅಲ್ಲಿ ಯಾರಿಗೂ ಮೋಸವಾಗುವುದಿಲ್ಲ.

ಗಿಟ್‌ಹಬ್‌ನಂಥ ತಾಣಗಳ ಪುಲ್ ರಿಕ್ವೆಸ್ಟ್ ಎಂಬ ಸೌಲಭ್ಯವು ಶಾಖೆಯನ್ನು ಸೇರಿಸಿಕೊಳ್ಳುವ ಈ ಕೋರಿಕೆಯನ್ನೇ ಒಂದು ಗುಂಡಿಯ ಕೆಲಸವಾಗಿಸಿದೆ. ಅನುಕೂಲ ದೊಡ್ಡದು, ಆದರೆ ಪರಿಶೀಲಕರು ಓದಬೇಕಾದದ್ದು ಗುಂಡಿಯನ್ನಲ್ಲ, ಕಮಿಟ್‌ಗಳನ್ನು. ಹತ್ತು ಉದ್ದೇಶಗಳನ್ನು ಒಂದೇ ಶಾಖೆಯಲ್ಲಿ ತುರುಕಿ, ವಿವರಣೆಯ ಜಾಗದಲ್ಲಿ ‘ತಿದ್ದುಪಡಿ’ ಎಂದಷ್ಟೇ ಬರೆದು ಒಪ್ಪಿಸುವ ಪರಿಪಾಠವನ್ನು ಯಾವ ತಾಣವೂ ಸರಿಪಡಿಸಲಾರದು. ಆದುದರಿಂದ ಮುಂದಿನ ಗೋಷ್ಠಿಗಳಲ್ಲಿ ಪ್ರಬಂಧ ಮಂಡಿಸುವ ವಿದ್ವಾಂಸರು ಉಪಕರಣಗಳ ಹೋಲಿಕೆಯಲ್ಲೇ ನಿಲ್ಲದೆ, ಯಾವ ಶಾಖೆ ಸ್ಥಿರ, ಯಾವುದು ತಾತ್ಕಾಲಿಕ ಎಂಬುದನ್ನು ಪ್ರಕಟಿಸುವವರು ಹೇಗೆ ಸಾರಬೇಕೆಂಬುದನ್ನು ಕೈಗೆತ್ತಿಕೊಳ್ಳಬೇಕೆಂಬುದು ಈ ಸಂಕಿರಣದ ಆಶಯವಾಗಿದೆ.