ಜಕ್ಕವಕ್ಕಿಯ ಚಳಿಗಾಲ



ಹಳಗನ್ನಡ ಕವಿಗಳು ಮತ್ತೆ ಮತ್ತೆ ನೆನೆದ ಜಕ್ಕವಕ್ಕಿಯನ್ನು ನಾವು ಪಠ್ಯದ ಪುಟದಲ್ಲಿ ಮಾತ್ರ ಬಲ್ಲೆವು. ಮಕ್ಕಳು ಅರ್ಥ ಕೇಳಿದರೆ ‘ಒಂದು ಜಾತಿಯ ಹಕ್ಕಿ’ ಎಂದು ಮುಂದೆ ಸಾಗುತ್ತೇವೆ. ಆ ಹಕ್ಕಿಯಾದರೋ ಲಡಾಖ್, ಟಿಬೆಟ್ಟುಗಳ ಎತ್ತರದ ಸರೋವರಗಳ ಕಡೆಯಿಂದ ಹಿಮಾಲಯವನ್ನು ದಾಟಿ, ಚಳಿಗಾಲಕ್ಕೆ ನಮ್ಮ ಸೊಲ್ಲಾಪುರ ಸೀಮೆಗೆ ಬಂದಿಳಿಯುತ್ತದೆ. 1871ರಲ್ಲಿ ಕಟ್ಟಿ ಮುಗಿಸಿದ ಹಿಪ್ಪರಗಾ ಕೆರೆಯೂ, 1980ರಲ್ಲಿ ಪೂರ್ಣಗೊಂಡ ಭೀಮೆಯ ಉಜನಿ ಜಲಾಶಯವೂ ಅದಕ್ಕೆ ಬಿಡಾರ.

ಕಿತ್ತಳೆ ಬಣ್ಣದ ಮೈ, ಮಾಸಲು ತಲೆ, ಹಾರುವಾಗ ರೆಕ್ಕೆಯಲ್ಲಿ ಹೊಳೆಯುವ ಬಿಳುಪು: ಗುರುತು ತಪ್ಪುವಂತಿಲ್ಲ. ಹಗಲು ಜೋಡಿಯಾಗಿ ದಡದಲ್ಲಿ ವಿಶ್ರಮಿಸಿ, ಹೆಚ್ಚಾಗಿ ಇರುಳಿನಲ್ಲಿ ಮೇಯುತ್ತದೆ. ಮೇಯುತ್ತ ಒಂದನ್ನೊಂದು ಕೂಗುತ್ತದೆ. ಇರುಳಗಲಿಕೆಯ ಕವಿಸಮಯವು ಈ ಕೂಗಿನಿಂದಲೇ ಹುಟ್ಟಿರಬೇಕೆಂದು ನಮ್ಮ ಊಹೆ. ಒಪ್ಪದ ಪಂಡಿತರು ಒಂದು ರಾತ್ರಿ ಕೆರೆಯ ಏರಿಯ ಮೇಲೆ ಕುಳಿತು ನೋಡಲಿ!

ಗಡಿಯ ನಮ್ಮ ಮನೆಗಳಲ್ಲಿ ಹಕ್ಕಿಯ ಕನ್ನಡ ಹೆಸರುಗಳು ಒಂದೊಂದಾಗಿ ಮರೆಯಾಗುತ್ತಿವೆ. ಕೆರೆಯಲ್ಲಿ ಹಕ್ಕಿಯಿದೆ, ಪುಸ್ತಕದಲ್ಲಿ ಪದವಿದೆ. ನಿಜವಾಗಿ ಅಗಲಿರುವುವು ಇವೆರಡೇ. ಆದುದರಿಂದ ಮಾರ್ಗಶಿರದ ಒಂದು ಭಾನುವಾರ ಶಾಲೆಯ ಮಕ್ಕಳನ್ನು ಹಿಪ್ಪರಗಾಕ್ಕೆ ಕರೆದೊಯ್ಯೋಣ. ಬೆಳಕು ಹರಿಯುವ ಮುನ್ನವೇ ಹೊರಡಬೇಕು. ದಡದಿಂದ ದೂರ ನಿಲ್ಲಬೇಕು. ಬಿಳಿಯ ಬಟ್ಟೆ ಬೇಡ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಸಾಕು.