ದೀಪವಿಲ್ಲದ ಊರಿನ ದಿಬ್ಬ
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ಲೆಕ್ಕಪತ್ರವನ್ನು ಕಾರ್ಯದರ್ಶಿಯವರು ಹೇಗೂ ಓದುತ್ತಾರೆ. ನಾವು ನಮ್ಮ ಸೀಮೆಯ ಹಾಳೂರಿನ ದಿಬ್ಬದ ಬಗ್ಗೆ ನಾಲ್ಕು ಮಾತು ಹೇಳಲು ನಿಂತಿದ್ದೇವೆ.

ಕಂದಾಯ ದಾಖಲೆಯಲ್ಲಿ ಇಂಥ ಊರಿಗೆ 'ಬೇಚಿರಾಕ್' ಅಂತ ಬರೆದಿರುತ್ತಾರೆ. ಅದು ಪಾರಸಿ ಮಾತು. ಬೇ ಅಂದರೆ ಇಲ್ಲ, ಚಿರಾಗ್ ಅಂದರೆ ದೀಪ. ಹೆಸರಿದೆ, ಎಲ್ಲೆ ಇದೆ, ಸರ್ವೆ ನಂಬರಿದೆ. ಸಂಜೆ ದೀಪ ಹಚ್ಚೋರು ಮಾತ್ರ ಇಲ್ಲ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ 29,340 ಗ್ರಾಮಗಳಲ್ಲಿ 1,943 ಗ್ರಾಮಗಳು ಜನವಸತಿ ಇಲ್ಲದವು. ಇವೆಲ್ಲ ಹಳೇ ಕಾಲದಲ್ಲೇ ಹಾಳಾದವು ಅಂತಲ್ಲ. ಆದರೆ ಕೆಲವು ಕಡೆ ವೀರಗಲ್ಲು, ಶಾಸನ ಸಿಕ್ಕು ಏಳೆಂಟು ನೂರು ವರ್ಷದ ಹಿಂದಿನ ಬಾಳ್ವೆ ತಿಳಿದುಬಂದಿದೆ.

ಮಣ್ಣಿನ ಮಾಳಿಗೆ ಮನೆ ಬಿಟ್ಟು ಹೋಗೋರು ತೊಲೆ, ಬಾಗಿಲು ಕಿತ್ತುಕೊಂಡು ಹೋಗುತ್ತಾರೆ. ಗೋಡೆ ಮಳೆಗೆ ಕರಗಿ ದಿಬ್ಬವಾಗುತ್ತದೆ. ಬೂದಿ ಬಣ್ಣದ ಮಣ್ಣು, ಮಡಕೆ ಚೂರು, ಬೀಸುಕಲ್ಲಿನ ತುಂಡು, ಕುಸಿದ ಹಗೇವು, ಒಡೆದ ಕೆರೆ ಏರಿ ಇವೇ ಗುರುತು. ಎಷ್ಟೋ ಕಡೆ ಹನುಮಪ್ಪನ ಗುಡಿ ಒಂದೇ ಉಳಿದಿರುತ್ತದೆ.

ಊರು ಯಾಕೆ ಹಾಳಾಗುತ್ತದೆ? ಬರ, ಬೇನೆ, ದಂಡಿನ ದಾಳಿ, ಕೆಟ್ಟ ಕೆರೆ. 1396ರಿಂದ ಸುಮಾರು 12 ವರ್ಷ ದಖ್ಖನ್ನಿನಲ್ಲಿ ದುರ್ಗಾದೇವಿ ಬರ ಬಿದ್ದು ಊರೂರೇ ಬರಿದಾದವು ಅನ್ನುತ್ತಾರೆ. ಆಗಿನವರೇನೂ ಕೈಕಟ್ಟಿ ಕೂತವರಲ್ಲ. ಕೆರೆ ಕಟ್ಟಿ ಕಾಯುವವರಿಗೆ ಬಿಟ್ಟ ಜಮೀನನ್ನು ಶಾಸನಗಳು 'ಕಟ್ಟುಗೊಡಗೆ' ಅನ್ನುತ್ತವೆ. ಹೂಳು ಹೊರುವ ಬಂಡಿಗೂ ದತ್ತಿ ಇಡುತ್ತಿದ್ದರು. ಅಂದರೆ ಹತ್ತು ಜನ ಸೇರಿ ಊರು ಉಳಿಸಿಕೊಳ್ಳೋದು ನಮಗೆ ಹೊಸದಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದೂ ಇದೇ ದಾರಿಯಲ್ಲಿ.

ಈಗ ಮುಖ್ಯ ಮಾತು. ಹಾಳ ಮಣ್ಣು ಹೊಲಕ್ಕೆ ಒಳ್ಳೇ ಗೊಬ್ಬರ, ಅದನ್ನು ಅಲ್ಲಗಳೆಯೋದಿಲ್ಲ. ಹಿರಿಯರು ಚಕ್ಕಡಿಯಲ್ಲಿ ಒಂದೆರಡು ಹೇರು ತಂದರೆ ದಿಬ್ಬ ಹಾಗೇ ಇರುತ್ತಿತ್ತು. ಈಗ ಜೆಸಿಬಿ ಹಚ್ಚಿದರೆ ನಾಲ್ಕು ದಿನಕ್ಕೆ ನೆಲಸಮ. ಆ ಫಲ ಎರಡು ಮೂರು ಬೆಳೆಗೆ ಮುಗಿದೀತು. ಹೋದ ದಿಬ್ಬ ತಿರುಗಿ ಬಾರದು. ನಮ್ಮ ಸಂಘಕ್ಕೆ ಖಾತೆ ಪುಸ್ತಕ ಇದೆ, ಠರಾವು ಪುಸ್ತಕ ಇದೆ. ಆ ಊರಿನ ಬಡವರು ಏನು ಉಂಡರು, ಏನು ಬೆಳೆದರು ಅನ್ನೋದಕ್ಕೆ ಆ ಮಣ್ಣೇ ಪುಸ್ತಕ. ಪದರು ಪದರಾಗಿ ಇದ್ದರೆ ತಿಳಿದವರು ಓದುತ್ತಾರೆ. ಕಲಸಿಬಿಟ್ಟರೆ ಯಾರಿಗೂ ಓದಲಾಗದು.

ನಿಧಿಯ ಆಸೆಗೆ ಅಗೆಯೋರಿಗೂ ಒಂದು ಮಾತು. ಕಾಯ್ದೆ ಪ್ರಕಾರ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಆದ್ದರಿಂದ ಸರ್ವಸದಸ್ಯರ ಮುಂದೆ ನಮ್ಮ ಬೇಡಿಕೆ ಇಷ್ಟೇ: ದಿಬ್ಬಕ್ಕೆ ಯಂತ್ರ ಹಚ್ಚಬಾರದು. ಬರೆದ ಕಲ್ಲು ಕಂಡರೆ ಮೆಟ್ಟಿಲಿಗೆ ಹಾಕದೆ ತಹಶೀಲ್ದಾರರಿಗೆ ತಿಳಿಸಬೇಕು. ಗೊಬ್ಬರದ ಕೊರತೆ ಇದ್ದವರು ಸಂಘಕ್ಕೆ ಬರಲಿ, ಕೆರೆ ಹೂಳು ಎತ್ತುವ ಕೆಲಸವನ್ನು ಕೂಡಿ ಮಾಡೋಣ. ಹೊಲಕ್ಕೂ ಲಾಭ, ಕೆರೆಗೂ ಲಾಭ.